ಶ್ವಾಸಕೋಶ ಕ್ಯಾನ್ಸರ್ ಸ್ಕ್ರೀನಿಂಗ್ ಸಂಶೋಧನೆಗೆ ವಿದೇಶಿ ಅನುದಾನ: ಮಂಗಳೂರು–ಉಡುಪಿಯ ತಂಡಗಳಿಗೆ ಹಂತ ಹಂತದ ಮಾರ್ಗದರ್ಶಿ

ಸ್ಕ್ರೀನಿಂಗ್, ಅಂದರೆ ರೋಗಲಕ್ಷಣವಿಲ್ಲದವರ ತಪಾಸಣೆಯ ಸಂಶೋಧನೆಗೆಂದು ವಿದೇಶದ ವಿಶ್ವವಿದ್ಯಾಲಯದ ಜೊತೆ ಸೇರಿ ಅನುದಾನಕ್ಕೆ ಅರ್ಜಿ ಹಾಕುವ ತಂಡಗಳು ಪದೇ ಪದೇ ಎಡವುವುದು ಕೆಲಸದ ಸರದಿಯಲ್ಲಿ. ಮೊದಲು ವಿಜ್ಞಾನದ ಭಾಗ ಬರೆಯುತ್ತಾರೆ, ಆಮೇಲೆ ಜೊತೆಗಾರರನ್ನು ಹುಡುಕುತ್ತಾರೆ, ಕೊನೆಯ ವಾರದಲ್ಲಿ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಸಹಿ ಕೇಳುತ್ತಾರೆ. ಈ ಹಣ ತಮ್ಮ ಖಾತೆಗೆ ಬರುವಂತೆಯೇ ಇಲ್ಲ ಎಂಬುದು ಆಗ ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿ ಹೇಳಿರುವ ಕ್ರಮ ತಿರುವುಮುರುವು ಅನ್ನಿಸಬಹುದು: ಮೊದಲು ಪ್ರಶ್ನೆ, ನಂತರ ಹಣದ ದಾರಿ, ಆಮೇಲೆ ಜೊತೆಗಾರರು ಮತ್ತು ಪ್ರೋಟೋಕಾಲ್ (ಅಧ್ಯಯನ ನಡೆಸುವ ಲಿಖಿತ ವಿಧಾನ). ಅರ್ಜಿ ಬರೆಯುವುದು ಬಹುತೇಕ ಕೊನೆಗೆ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಸಂಸ್ಥೆಯ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಪತ್ರ ಮತ್ತು ಅದರ ಮುಕ್ತಾಯದ ದಿನಾಂಕ, ಪ್ಯಾನ್, ಮೂರು ವರ್ಷಗಳ ಆಡಿಟ್ ಆದ ಲೆಕ್ಕಪತ್ರ, ಎಥಿಕ್ಸ್ ಕಮಿಟಿಯ ನೋಂದಣಿ ಪತ್ರ, ಸಿಟಿ ಯಂತ್ರಕ್ಕೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಕೊಟ್ಟ ಲೈಸೆನ್ಸ್. ಇವುಗಳ ಜೊತೆ ನಿಮ್ಮ ಆಸ್ಪತ್ರೆಯ ಎರಡು ವರ್ಷಗಳ ಅಂಕಿಅಂಶವೂ ಬೇಕು: ಶ್ವಾಸಕೋಶ ಕ್ಯಾನ್ಸರಿನ ಎಷ್ಟು ಹೊಸ ರೋಗಿಗಳು ಬಂದರು, ಯಾವ ಸ್ಟೇಜಿನಲ್ಲಿ ಬಂದರು, ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು. ಈ ಮೂರು ಸಂಖ್ಯೆಗಳಿಲ್ಲದ ಅರ್ಜಿಯನ್ನು ಪರಿಶೀಲಕರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ತಂಡದಲ್ಲಿ ಶ್ವಾಸಕೋಶ ತಜ್ಞರು, ರೇಡಿಯಾಲಜಿಸ್ಟ್, ಎದೆಯ ಶಸ್ತ್ರಚಿಕಿತ್ಸಕರು, ಸಂಖ್ಯಾಶಾಸ್ತ್ರಜ್ಞರು, ಸಮುದಾಯ ವೈದ್ಯಕೀಯ ವಿಭಾಗದವರು ಇರಲಿ. ಅಕೌಂಟ್ಸ್ ಅಧಿಕಾರಿಯನ್ನು ಮೊದಲ ಸಭೆಗೇ ಕರೆಯಿರಿ.

ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿ

ಅತಿ ಸಾಮಾನ್ಯ ತಪ್ಪು: ಸಾವಿರ ಜನರನ್ನು ಸ್ಕ್ಯಾನ್ ಮಾಡಿ ಸಾವಿನ ಪ್ರಮಾಣ ಇಳಿಸುತ್ತೇವೆ ಎಂದು ಬರೆಯುವುದು. ಲೋ ಡೋಸ್ ಸಿಟಿಯಿಂದ, ಅಂದರೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನಿನಿಂದ, ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿದ ಅಮೆರಿಕದ ಎನ್‌ಎಲ್‌ಎಸ್‌ಟಿ ಅಧ್ಯಯನದಲ್ಲಿ 53,454 ಜನರಿದ್ದರು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ಇಳಿದಿತ್ತು. ಅಲ್ಲಿ ಮೊದಲ ಸುತ್ತಿನಲ್ಲಿ ಕ್ಯಾನ್ಸರ್ ಸಿಕ್ಕಿದ್ದು ಸುಮಾರು ಶೇ. 1 ಜನರಲ್ಲಿ. ಅದೇ ಮಟ್ಟದ ಅಪಾಯವಿರುವ ಸಾವಿರ ಜನರನ್ನು ನೀವು ನೋಡಿದರೆ ಸಿಗುವುದು ಹತ್ತರ ಆಸುಪಾಸು. ಹತ್ತು ಪ್ರಕರಣಗಳಿಂದ ಸಾವಿನ ಲೆಕ್ಕ ಹೇಳಲಾಗದು. ಇದು ಪರಿಶೀಲಕರಿಗೆ ಮೊದಲ ಪುಟದಲ್ಲೇ ಕಾಣುತ್ತದೆ.

ಸಾವಿರ ಜನರಿಂದ ಉತ್ತರ ಸಿಗುವ ಪ್ರಶ್ನೆಗಳು ಬೇರೆಯೇ ಇವೆ, ಮತ್ತು ಅವು ನಮ್ಮ ಕರಾವಳಿಗೆ ನಿಜವಾಗಿ ಬೇಕಾದವು. ಹಳೆಯ ಕ್ಷಯದ ಕಲೆಗಳಿರುವ ಶ್ವಾಸಕೋಶದಲ್ಲಿ ಎಷ್ಟು ಮಂದಿಗೆ ಸುಳ್ಳು ಪಾಸಿಟಿವ್ (ಕ್ಯಾನ್ಸರ್ ಇಲ್ಲದಿದ್ದರೂ ಇದೆ ಎಂಬ ಅನುಮಾನ) ಬರುತ್ತದೆ? ಬೀಡಿ ಸೇದುವವರ ಅಪಾಯವನ್ನು ಅಳೆಯುವುದು ಹೇಗೆ? ಎಂದೂ ಸೇದದೆ, ದಶಕಗಳಿಂದ ಮನೆಯಲ್ಲಿ ಬೀಡಿ ಕಟ್ಟುತ್ತಿರುವ ಹೆಂಗಸರನ್ನು ಸೇರಿಸಬೇಕೇ? ಮರುತಪಾಸಣೆಗೆ ಎಷ್ಟು ಜನ ವಾಪಸ್ ಬರುತ್ತಾರೆ?

ಯಾರನ್ನು ಸೇರಿಸಬೇಕು ಎಂಬುದನ್ನು ಅಮೆರಿಕದ ಮಾನದಂಡದಿಂದ ಹಾಗೇ ನಕಲು ಮಾಡಬೇಡಿ. 2021ರ ಅಲ್ಲಿನ ಶಿಫಾರಸು 50ರಿಂದ 80 ವರ್ಷದವರಿಗೆ. ಕನಿಷ್ಠ 20 ಪ್ಯಾಕ್-ಇಯರ್ ಸಿಗರೇಟ್ ಸೇದಿರಬೇಕು, ಬಿಟ್ಟಿದ್ದರೆ 15 ವರ್ಷ ಮೀರಿರಬಾರದು. ಪ್ಯಾಕ್-ಇಯರ್ ಎಂದರೆ ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕ್‌ನಂತೆ ಒಂದು ವರ್ಷ. ನಮ್ಮಲ್ಲಿ ಮಲ್ಪೆ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಕೇಳಿದರೆ ಬರುವ ಉತ್ತರ "ದಿನಕ್ಕೆ ಎರಡು ಕಟ್ಟ" ಎಂದು. ಕಟ್ಟಿನಲ್ಲಿ ಎಷ್ಟು ಬೀಡಿ ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಬೀಡಿಯಲ್ಲಿರುವ ತಂಬಾಕು ಸಿಗರೇಟಿನದಕ್ಕಿಂತ ಬಹಳ ಕಡಿಮೆ, ಆದರೆ ಅದು ಆರದಂತೆ ಪದೇ ಪದೇ ಎಳೆಯಬೇಕಾಗುತ್ತದೆ. ಆದ್ದರಿಂದ ಫಾರಂನಲ್ಲಿ ಬ್ರ್ಯಾಂಡ್, ಕಟ್ಟಿನಲ್ಲಿರುವ ಬೀಡಿಯ ಸಂಖ್ಯೆ, ದಿನಕ್ಕೆ ಎಷ್ಟು ಕಟ್ಟು, ಶುರು ಮಾಡಿದ ವಯಸ್ಸು, ಬಿಟ್ಟ ವಯಸ್ಸು ಎಲ್ಲವನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿಸಿಕೊಳ್ಳಿ. ಪ್ಯಾಕ್-ಇಯರ್‌ಗೆ ಪರಿವರ್ತಿಸುವ ಸೂತ್ರ ವಿಶ್ಲೇಷಣೆಯ ಹೊತ್ತಿಗೆ ಇರಲಿ. ಎರಡು ಮೂರು ಸೂತ್ರಗಳಲ್ಲಿ ಲೆಕ್ಕ ಹಾಕಿ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂದು ತೋರಿಸಿ. ಸ್ಥಳದಲ್ಲೇ ಪರಿವರ್ತಿಸಿ ಒಂದೇ ಸಂಖ್ಯೆ ಬರೆದುಬಿಟ್ಟರೆ ಮೂಲ ಮಾಹಿತಿ ಮತ್ತೆ ಸಿಗುವುದಿಲ್ಲ.

ಎಂದೂ ಸೇದದವರನ್ನು ಸೇರಿಸಲು ಪೂರ್ವನಿದರ್ಶನವಿದೆ. ತೈವಾನಿನ ಟ್ಯಾಲೆಂಟ್ ಅಧ್ಯಯನ ಅಂಥ 12,011 ಜನರನ್ನು ನೋಡಿ ಶೇ. 2.6 ಮಂದಿಯಲ್ಲಿ ಕ್ಯಾನ್ಸರ್ ಪತ್ತೆ ಮಾಡಿತು. ಆದರೆ ಅವರಲ್ಲಿ ಕುಟುಂಬದ ಇತಿಹಾಸದಂಥ ಬೇರೆ ಅಪಾಯದ ಅಂಶಗಳಿದ್ದವು. ಅದೇ ಪ್ರಮಾಣವನ್ನು ಇಲ್ಲಿನ ಬೀಡಿ ಕಾರ್ಮಿಕರಿಗೆ ಅಂಟಿಸಿ ಸ್ಯಾಂಪಲ್ ಸೈಜ್ (ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂಬ) ಲೆಕ್ಕ ಹಾಕುವುದು ತಪ್ಪು.

ಹಂತ 2: ಹಣ ಬರುವ ದಾರಿಯನ್ನು ಖಚಿತಪಡಿಸಿಕೊಳ್ಳಿ

ಇಲ್ಲಿ ಆತುರ ಬೇಡ. ಇಡೀ ಪ್ರಯತ್ನ ಉಳಿಯುವುದು ಅಥವಾ ಬೀಳುವುದು ಇಲ್ಲೇ.

ಮೊದಲ ಪ್ರಶ್ನೆ: ವಿದೇಶಿ ವಂತಿಗೆ ಪಡೆಯುವ ನೋಂದಣಿ ಯಾರ ಹೆಸರಿನಲ್ಲಿದೆ? ನಮ್ಮ ಕಡೆಯ ಖಾಸಗಿ ವೈದ್ಯಕೀಯ ಕಾಲೇಜುಗಳ ಹಿಂದೆ ಟ್ರಸ್ಟ್, ಸೊಸೈಟಿ, ಡೀಮ್ಡ್ ವಿಶ್ವವಿದ್ಯಾಲಯ, ಆಸ್ಪತ್ರೆ ಹೀಗೆ ಹಲವು ಕಾನೂನುಬದ್ಧ ಘಟಕಗಳು ಇರಬಹುದು. ನೋಂದಣಿ ಟ್ರಸ್ಟಿನದಾಗಿದ್ದು, ಅರ್ಜಿ ಕಾಲೇಜಿನ ಹೆಸರಿನಲ್ಲಿ ಹೋದರೆ ಅನುದಾನ ಮಂಜೂರಾದ ಮೇಲೂ ಹಣ ನಿಲ್ಲುತ್ತದೆ. ಅರ್ಜಿಯಲ್ಲಿನ ಹೆಸರು, ಪ್ಯಾನ್, ನೋಂದಣಿ ಪತ್ರ, ಬ್ಯಾಂಕ್ ಖಾತೆ ಈ ನಾಲ್ಕರಲ್ಲೂ ಅಕ್ಷರ ಅಕ್ಷರ ಒಂದೇ ಇರಬೇಕು.

ಎರಡನೆಯದು ಖಾತೆ. ಎಫ್‌ಸಿಆರ್‌ಎಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ವಿದೇಶಿ ವಂತಿಗೆ ಮೊದಲು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಎಫ್‌ಸಿಆರ್‌ಎ ಖಾತೆಗೆ. ಅಲ್ಲಿಂದ ಮಂಗಳೂರಿನ ಅಥವಾ ಮಣಿಪಾಲದ ಬ್ಯಾಂಕಿನಲ್ಲಿ ತೆರೆದ ಬಳಕೆಯ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ವಿದೇಶಿ ಸಂಸ್ಥೆ ನೇರವಾಗಿ ಸ್ಥಳೀಯ ಖಾತೆಗೆ ಕಳಿಸಿದರೆ ಅದು ಉಲ್ಲಂಘನೆ.

ಮೂರನೆಯದನ್ನು ಅನೇಕರು ಕೇಳಿಯೇ ಇರುವುದಿಲ್ಲ: ಒಂದು ಸಂಸ್ಥೆ ಪಡೆದ ವಿದೇಶಿ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ಕೊಡುವುದನ್ನು ಅದೇ ತಿದ್ದುಪಡಿ ನಿಷೇಧಿಸಿದೆ, ಆ ಇನ್ನೊಂದು ಸಂಸ್ಥೆಗೆ ನೋಂದಣಿ ಇದ್ದರೂ ಸರಿ. ಅಂದರೆ ಮಂಗಳೂರಿನ ಸಂಸ್ಥೆ ಮುಖ್ಯ ಅರ್ಜಿದಾರನಾಗಿ, ಉಡುಪಿಯ ಆಸ್ಪತ್ರೆಗೆ ಪಾಲು ಹಂಚುವ ಹಳೆಯ ಮಾದರಿ ನಡೆಯುವುದಿಲ್ಲ. ಎರಡೂ ಸಂಸ್ಥೆಗಳು ವಿದೇಶದಿಂದ ನೇರವಾಗಿ, ತಮ್ಮ ತಮ್ಮ ನೋಂದಣಿಯಡಿ ಪಡೆಯುವಂತೆ ಬಜೆಟ್ ರೂಪಿಸಬೇಕು. ಬಿಲ್ ಪಡೆದು ಸೇವೆಗೆ ಹಣ ಕೊಡುವುದು ಬೇರೆ ವಿಷಯ. ಆದರೆ ಪಾಲುದಾರಿಕೆಯನ್ನೇ ಸೇವೆಯ ಬಿಲ್ ಎಂದು ತೋರಿಸುವ ದಾರಿ ಹಿಡಿಯಬೇಡಿ. ಲೆಕ್ಕಪರಿಶೋಧಕರ ಲಿಖಿತ ಅಭಿಪ್ರಾಯವಿಲ್ಲದೆ ಆ ಸಾಲನ್ನು ಬಜೆಟ್ಟಿಗೆ ಸೇರಿಸಲೇಬೇಡಿ.

ನೋಂದಣಿಯೇ ಇಲ್ಲವೇ? ಸಂಸ್ಥೆಗೆ ಮೂರು ವರ್ಷ ತುಂಬಿ, ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಮುಖ್ಯ ಚಟುವಟಿಕೆಗೆ ಕನಿಷ್ಠ ₹15 ಲಕ್ಷ ಖರ್ಚು ಮಾಡಿದ್ದರೆ ಎಫ್‌ಸಿ-3ಎ ನಮೂನೆಯಲ್ಲಿ ನೋಂದಣಿ ಕೇಳಬಹುದು. ಇಲ್ಲದಿದ್ದರೆ ನಿರ್ದಿಷ್ಟ ದಾನಿ, ನಿರ್ದಿಷ್ಟ ಮೊತ್ತ, ನಿರ್ದಿಷ್ಟ ಯೋಜನೆಗೆ ಎಫ್‌ಸಿ-3ಬಿಯಲ್ಲಿ ಪೂರ್ವಾನುಮತಿ. ಇದಕ್ಕೆ ದಾನಿಯ ಬದ್ಧತಾ ಪತ್ರ ಬೇಕು. ನೋಂದಣಿಯ ಅವಧಿ ಐದು ವರ್ಷ. ಅಧ್ಯಯನದ ನಡುವೆ ಅದು ಮುಗಿಯುವುದಾದರೆ ನವೀಕರಣದ ದಿನಾಂಕವನ್ನು ಯೋಜನೆಯ ವೇಳಾಪಟ್ಟಿಯಲ್ಲೇ ಬರೆದಿಡಿ.

ಆಡಳಿತ ವೆಚ್ಚ ವಿದೇಶಿ ವಂತಿಗೆಯ ಶೇ. 20 ಮೀರುವಂತಿಲ್ಲ. ಆಸ್ಪತ್ರೆಯ ವೈದ್ಯರ ಸಂಬಳದಂತಹ ನೇರ ಚಟುವಟಿಕೆಯ ಖರ್ಚು ಇದರಲ್ಲಿ ಸೇರದು. ಕಚೇರಿ ಬಾಡಿಗೆ, ನಿರ್ವಹಣೆಯ ಸಿಬ್ಬಂದಿ ಸೇರುತ್ತಾರೆ. ಪ್ರತಿ ಹುದ್ದೆಯ ಮುಂದೆ ಅದು ಯಾವ ವರ್ಗ ಎಂದು ಆರಂಭದಲ್ಲೇ ಗುರುತು ಹಾಕಿ.

ವಿಶ್ವಸಂಸ್ಥೆ, ಅದರ ವಿಶೇಷ ಅಂಗಸಂಸ್ಥೆಗಳು ಮತ್ತು ವಿಶ್ವಬ್ಯಾಂಕ್ ಈ ಕಾನೂನಿನ ಪ್ರಕಾರ ವಿದೇಶಿ ಮೂಲವಲ್ಲ. ವಿಶ್ವ ಆರೋಗ್ಯ ಸಂಸ್ಥೆಯಿಂದ ಬರುವ ಹಣಕ್ಕೆ ಈ ಹಾದಿ ಹಿಡಿಯಬೇಕಿಲ್ಲ.

ಹಂತ 3: ಯಾರಲ್ಲಿ ಕೇಳಬೇಕು

ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದೊಡ್ಡದು, ಆದರೆ ಅದರ ನಿಯಮ ಬದಲಾಗಿದೆ. ಅಮೆರಿಕದ ವಿಶ್ವವಿದ್ಯಾಲಯ ಅನುದಾನ ಪಡೆದು ಅದರಿಂದ ವಿದೇಶಿ ಸಂಸ್ಥೆಗೆ ಉಪ-ಅನುದಾನ ಕೊಡುವ ಪದ್ಧತಿಯನ್ನು ಕೈಬಿಟ್ಟು, ವಿದೇಶಿ ಪಾಲುದಾರರಿಗೆ ಪ್ರತ್ಯೇಕವಾಗಿ, ಮುಖ್ಯ ಅನುದಾನಕ್ಕೆ ಜೋಡಿಸಿ ಹಣ ಕೊಡುವ ವ್ಯವಸ್ಥೆಗೆ ಹೋಗುವುದಾಗಿ 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಪ್ರಕಟಿಸಿತು. ಆದ್ದರಿಂದ 2025ಕ್ಕಿಂತ ಹಿಂದಿನ ಯಶಸ್ವಿ ಅರ್ಜಿಯ ಪ್ರತಿ ಯಾರಾದರೂ ಕೊಟ್ಟರೆ ಬಜೆಟ್ ಭಾಗವನ್ನು ಅನುಸರಿಸಬೇಡಿ. ವಿದೇಶಿ ಸಂಸ್ಥೆಗೆ ಪರೋಕ್ಷ ವೆಚ್ಚವಾಗಿ (ಆಡಳಿತ, ಕಟ್ಟಡದಂಥ ಖರ್ಚು) ಎನ್‌ಐಎಚ್ ಕೊಡುವುದು ಶೇ. 8. ಬೇಕಾದ ನೋಂದಣಿಗಳು ಸರದಿಯಲ್ಲೇ ಆಗಬೇಕು: ಮೊದಲು ಎನ್‌ಕೇಜ್ ಕೋಡ್ (ವಿದೇಶಿ ಸಂಸ್ಥೆಯ ಗುರುತಿನ ಕೋಡ್), ಅದಿದ್ದರೆ ಸ್ಯಾಮ್ (ಅಮೆರಿಕ ಸರ್ಕಾರದ ಹಣ ಪಡೆಯುವವರ ಜಾಲತಾಣ) ನೋಂದಣಿ ಮತ್ತು ಅಲ್ಲಿ ಸಿಗುವ ಸಂಸ್ಥೆಯ ಗುರುತು ಯುಇಐ, ಆಮೇಲೆ ಅರ್ಜಿಯ ಪೋರ್ಟಲ್‌ಗಳಾದ ಗ್ರಾಂಟ್ಸ್ ಡಾಟ್ ಗವ್ ಮತ್ತು ಇಆರ್‌ಎ ಕಾಮನ್ಸ್. ಕೊನೆಯ ದಿನಕ್ಕೆ ಮೂರು ತಿಂಗಳ ಮೊದಲೇ ಇದನ್ನು ಶುರು ಮಾಡಿ. ಎನ್‌ಕೇಜ್‌ನಲ್ಲಿ "ರಸ್ತೆ" ಎಂದು ಪೂರ್ತಿ ಬರೆದು ಸ್ಯಾಮ್‌ನಲ್ಲಿ ಚುಟುಕು ಮಾಡಿದರೂ ವಿಳಾಸ ಹೊಂದಾಣಿಕೆಯಾಗದೆ ನೋಂದಣಿ ಸಿಕ್ಕಿಬೀಳಬಹುದು.

ಐರೋಪ್ಯ ಒಕ್ಕೂಟದ ಸಂಶೋಧನಾ ಅನುದಾನ ಯೋಜನೆ ಹೊರೈಜನ್ ಯುರೋಪ್‌ನ ಕೂಟಕ್ಕೆ ಮೂರು ದೇಶಗಳ ಕನಿಷ್ಠ ಮೂರು ಸಂಸ್ಥೆಗಳು ಬೇಕು, ಒಂದಾದರೂ ಒಕ್ಕೂಟದ ಸದಸ್ಯ ದೇಶದ್ದಿರಬೇಕು, ಉಳಿದೆರಡು ಸದಸ್ಯ ದೇಶಗಳದ್ದು ಅಥವಾ ಯೋಜನೆಗೆ ಜೋಡಿಸಿಕೊಂಡ ದೇಶಗಳದ್ದಿರಬೇಕು. ಭಾರತದ ಸಂಸ್ಥೆ ಸೇರಬಹುದು, ಆದರೆ ತಾನಾಗಿಯೇ ಹಣ ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆ ನಿರ್ದಿಷ್ಟ ಅರ್ಜಿ ಆಹ್ವಾನದಲ್ಲಿ ಹಾಗೆಂದು ಬರೆದಿರಬೇಕು, ಇಲ್ಲವೇ ಇಲ್ಲಿನ ಇಲಾಖೆಯೊಂದು ಜಂಟಿಯಾಗಿ ಹಣ ಹಾಕಿರಬೇಕು. ಅದನ್ನು ಓದದೆ ಸೇರಿದರೆ ಕೆಲಸ ಮಾತ್ರ ನಿಮ್ಮದಾಗುತ್ತದೆ.

ಮೊದಲ ಬಾರಿಗೆ ಇಳಿಯುವ ತಂಡಕ್ಕೆ ನಮ್ಮ ಸಲಹೆ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಥವಾ ಸ್ವಂತ ವಿಶ್ವವಿದ್ಯಾಲಯದ ಬೀಜಧನದಿಂದ ನೂರಿನ್ನೂರು ಜನರ ಪ್ರಾಯೋಗಿಕ ಅಧ್ಯಯನ ಮುಗಿಸಿ, ಆ ಅಂಕಿಅಂಶ ಹಿಡಿದು ವಿದೇಶದ ಬಾಗಿಲು ತಟ್ಟಿ.

ಹಂತ 4: ಜೊತೆಗಾರರೊಂದಿಗೆ ಒಪ್ಪಂದ

ವಿದೇಶಿ ಸಂಸ್ಥೆ ಕೇಳುವುದು ಬರೀ ಸ್ಕ್ಯಾನ್ ಚಿತ್ರಗಳನ್ನಾದರೆ ಅದು ಸಹಯೋಗವಲ್ಲ. ಎಐ ಸಾಫ್ಟ್‌ವೇರ್ ತರಬೇತಿಗೆ ಚಿತ್ರಗಳು ಬೇಕಾಗಿರುವ ಈ ಕಾಲದಲ್ಲಿ ಇದು ಹೆಚ್ಚುತ್ತಿದೆ. ಒಪ್ಪಂದದಲ್ಲಿ ಇವು ಸ್ಪಷ್ಟವಾಗಿರಲಿ: ಮೂಲ ಚಿತ್ರಗಳ ಪೂರ್ಣ ಪ್ರತಿ ಇಲ್ಲಿಯೇ ಇರಬೇಕು, ಒಪ್ಪಿಗೆ ಪತ್ರದಲ್ಲಿ ಹೇಳದ ಉದ್ದೇಶಕ್ಕೆ ಬಳಸುವಂತಿಲ್ಲ, ತಯಾರಾದ ಉತ್ಪನ್ನದಲ್ಲಿ ಇಲ್ಲಿನ ಹಕ್ಕೇನು, ಪ್ರಬಂಧಗಳಲ್ಲಿ ಮೊದಲ ಮತ್ತು ಕೊನೆಯ ಲೇಖಕರು ಯಾರು. "ಲೇಖಕರ ವಿಷಯ ಆಮೇಲೆ ನೋಡೋಣ" ಎಂದು ಇಮೇಲ್ ಬಂದರೆ ಅದನ್ನು ಎಚ್ಚರಿಕೆಯ ಲಕ್ಷಣವೆಂದೇ ತಿಳಿಯಿರಿ.

ಚಿತ್ರ ಕಳಿಸುವಾಗ ಹೆಸರು ಅಳಿಸಿದರೆ ಸಾಲದು. ಡೈಕಾಮ್ (ಸ್ಕ್ಯಾನ್ ಚಿತ್ರ ಉಳಿಸುವ ನಮೂನೆ) ಫೈಲಿನೊಳಗೆ ಆಸ್ಪತ್ರೆ ನಂಬರ್, ಜನ್ಮದಿನಾಂಕ, ಕಳಿಸಿದ ವೈದ್ಯರ ಹೆಸರು, ತಯಾರಕರ ಖಾಸಗಿ ಟ್ಯಾಗುಗಳು ಉಳಿದಿರುತ್ತವೆ. ಡೋಸ್ ರಿಪೋರ್ಟಿನ ಚಿತ್ರದ ಮೇಲೆ ಹೆಸರು ಅಚ್ಚಾಗಿರಬಹುದು. ಹತ್ತು ಫೈಲುಗಳನ್ನು ತೆರೆದು ಒಂದೊಂದು ಟ್ಯಾಗನ್ನೂ ಕಣ್ಣಾರೆ ಓದಿದ ಮೇಲೆಯೇ ಉಳಿದವನ್ನು ಕಳಿಸಿ.

ಹಂತ 5: ಸ್ಕ್ಯಾನ್ ಮತ್ತು ಮುಂದಿನ ದಾರಿಯ ಪ್ರೋಟೋಕಾಲ್

ಡೋಸ್: ಸಾಧಾರಣ ಮೈಕಟ್ಟಿನವರಿಗೆ ಸಿಟಿಡಿಐವಾಲ್ಯೂಮ್ (ಸ್ಕ್ಯಾನಿನ ವಿಕಿರಣದ ಅಳತೆ) 3 ಮಿಲಿಗ್ರೇ ಮೀರಬಾರದು. ಸ್ಲೈಸ್ ದಪ್ಪ 1 ಮಿಮೀ ಆಸುಪಾಸು ಇದ್ದರೆ ಶ್ವಾಸಕೋಶದ ಗಂಟಿನ (ನಾಡ್ಯೂಲ್) ಗಾತ್ರವನ್ನು ಘನ ಅಳತೆಯಲ್ಲಿ ಹಿಡಿಯಬಹುದು. ಮೊದಲ ಸ್ಕ್ಯಾನಿಗೂ ಮರುಸ್ಕ್ಯಾನಿಗೂ ಅದೇ ಯಂತ್ರ, ಅದೇ ಸ್ಲೈಸ್, ಅದೇ ರೀಕನ್‌ಸ್ಟ್ರಕ್ಷನ್ (ಚಿತ್ರ ರೂಪಿಸುವ ವಿಧಾನ) ಇರಲಿ. ಬದಲಾದರೆ ಬೆಳೆಯದ ಗಂಟೂ ಬೆಳೆದಂತೆ ಕಾಣುತ್ತದೆ.

ವರದಿಗೆ, ಗಂಟುಗಳನ್ನು ಅನುಮಾನದ ಮಟ್ಟಕ್ಕೆ ತಕ್ಕಂತೆ ವರ್ಗೀಕರಿಸುವ ಲಂಗ್-ರ‍್ಯಾಡ್ಸ್ ಬಳಸಿ. ಮೊದಲ ಸ್ಕ್ಯಾನಿನಲ್ಲಿ 6 ಮಿಮೀಗಿಂತ ಕಿರಿದಾದ ಗಟ್ಟಿ ಗಂಟಿಗೆ ವರ್ಷದ ನಂತರದ ಸ್ಕ್ಯಾನ್ ಸಾಕು, 6ರಿಂದ 8ರೊಳಗಿನದಕ್ಕೆ ಆರು ತಿಂಗಳು, 8ರಿಂದ 15ರೊಳಗಿನದಕ್ಕೆ ಮೂರು ತಿಂಗಳು. 2022ರ ಆವೃತ್ತಿಯಲ್ಲಿ ನಮಗೆ ಬಹಳ ಉಪಯೋಗದ ಒಂದು ಅಂಶವಿದೆ: ಸೋಂಕಿನಂತೆ ಕಾಣುವುದನ್ನು ವರ್ಗ 0ಕ್ಕೆ ಹಾಕಿ ಒಂದರಿಂದ ಮೂರು ತಿಂಗಳಲ್ಲಿ ಮತ್ತೆ ನೋಡುವುದು. ಕ್ಷಯದ ಅನುಮಾನವಿದ್ದರೆ ಅಷ್ಟು ದಿನ ಕಾಯಬೇಡಿ, ತಕ್ಷಣ ಕಫದ ಸಿಬಿನ್ಯಾಟ್ (ಕ್ಷಯದ ಆಣ್ವಿಕ ಪರೀಕ್ಷೆ) ಮಾಡಿಸಿ. ಖಚಿತವಾದರೆ ಸರ್ಕಾರದ ಕ್ಷಯ ದಾಖಲೆಯ ಪೋರ್ಟಲ್ ನಿಕ್ಷಯ್‌ನಲ್ಲಿ ದಾಖಲಿಸುವುದು ಕಡ್ಡಾಯ. ಈ ಸಾಲುಗಳು ಪ್ರೋಟೋಕಾಲ್‌ನಲ್ಲಿ ಇಲ್ಲದಿದ್ದರೆ ಭಾರತವನ್ನು ಬಲ್ಲ ಪರಿಶೀಲಕರು ಅಲ್ಲೇ ಅಂಕ ಕಡಿಯುತ್ತಾರೆ.

ಕ್ಯಾನ್ಸರ್ ಸಿಕ್ಕಿದವರ ಚಿಕಿತ್ಸೆ ಎಲ್ಲಿ, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಎಂದು ಬರೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಸಿಗುತ್ತದೆ. ಅದು ಮುಗಿದರೆ ಮುಂದೇನು ಎಂಬುದಕ್ಕೂ ಉತ್ತರ ಬೇಕು. ಚಿಕಿತ್ಸೆಯ ಭರವಸೆ ಕೊಡಲಾಗದ ಕಡೆ ಆರೋಗ್ಯವಂತರನ್ನು ಕರೆದು ಸ್ಕ್ಯಾನ್ ಮಾಡುವುದು ಅನ್ಯಾಯ. ಸೇದುವ ಪ್ರತಿಯೊಬ್ಬರಿಗೂ ಬಿಡಿಸುವ ನೆರವನ್ನೂ ಸೇರಿಸಿ. ಉಚಿತ ಸಹಾಯವಾಣಿ 1800-11-2356.

ಹಂತ 6: ಬಜೆಟ್

ಮೊದಲ ಸ್ಕ್ಯಾನಿನ ಖರ್ಚು ಮಾತ್ರ ಬರೆದು ಕೈತೊಳೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಎನ್‌ಎಲ್‌ಎಸ್‌ಟಿಯ ಚಿತ್ರಗಳಿಗೇ ಲಂಗ್-ರ‍್ಯಾಡ್ಸ್ ಹಚ್ಚಿ ನೋಡಿದಾಗ ಮೊದಲ ಸುತ್ತಿನ ಸುಳ್ಳು ಪಾಸಿಟಿವ್ ಶೇ. 26.6ರಿಂದ ಶೇ. 12.8ಕ್ಕೆ ಇಳಿಯಿತು. ಕ್ಷಯ ಹೆಚ್ಚಿರುವ ನಮ್ಮಲ್ಲಿ ಸಾವಿರ ಜನರಿಗೆ 200 ಮರುಸ್ಕ್ಯಾನ್ ಎಂದು ಲೆಕ್ಕ ಹಿಡಿದು ನಡೆಯುವುದು ಸುರಕ್ಷಿತ. ಇದರ ಮೇಲೆ ಪೆಟ್-ಸಿಟಿ, ಸಿಟಿ ನೋಡಿಕೊಂಡು ಮಾಡುವ ಬಯಾಪ್ಸಿ, ಬ್ರಾಂಕೋಸ್ಕೋಪಿ, ಪೆಥಾಲಜಿ, ಬಯಾಪ್ಸಿಯಿಂದ ತೊಂದರೆಯಾದವರ ಚಿಕಿತ್ಸೆ ಮತ್ತು ವಿಮೆ.

ಬೈಂದೂರಿನಿಂದಲೋ ಸುಳ್ಯದಿಂದಲೋ ಬರುವವರಿಗೆ ಬಸ್ಸಿನ ಖರ್ಚು, ಜೊತೆಗೊಬ್ಬರಿಗೂ ಸೇರಿಸಿ, ಮತ್ತು ಕಳೆದುಕೊಂಡ ದಿನದ ಕೂಲಿ. ಮರುಸ್ಕ್ಯಾನಿಗೆ ಫೋನ್ ಮಾಡಿ ಕರೆಯುವ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿ. ಈ ಹುದ್ದೆಯನ್ನು ಉಳಿತಾಯಕ್ಕೆಂದು ಕಡಿದ ಅಧ್ಯಯನಗಳಲ್ಲಿ ಎರಡನೇ ಸುತ್ತು ಬರಿದಾಗುತ್ತದೆ.

ಮೊದಲು ರೂಪಾಯಿಯಲ್ಲಿ ಬರೆದು, ಜಿಎಸ್‌ಟಿ ಸೇರಿಸಿ, ಪರಿವರ್ತನೆಯ ದರ ಮತ್ತು ದಿನಾಂಕವನ್ನು ನಮೂದಿಸಿ.

ಹಂತ 7: ಅನುಮತಿಗಳ ಸರದಿ

ಮೊದಲು ಎಥಿಕ್ಸ್ ಕಮಿಟಿ. ಅದು ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾಯಿತವಾಗಿರಬೇಕು. ಅಮೆರಿಕದ ಸರ್ಕಾರಿ ಹಣವಾದರೆ ಸಂಸ್ಥೆಗೆ ಎಫ್‌ಡಬ್ಲ್ಯೂಎ ಎಂಬ, ಭಾಗವಹಿಸುವವರ ರಕ್ಷಣೆಯ ಭರವಸೆ ಪತ್ರವೂ ಬೇಕು, ಅದರ ಅವಧಿ ಐದು ವರ್ಷ. ಅನುದಾನ ಮಂಜೂರಾದ ಮೇಲೆ, ಎಥಿಕ್ಸ್ ಪತ್ರ ಮತ್ತು ಅನುದಾನದ ಪತ್ರದೊಂದಿಗೆ ಎಚ್‌ಎಂಎಸ್‌ಸಿ, ಅಂದರೆ ಐಸಿಎಂಆರ್ ಮೂಲಕ ನಡೆಯುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ. ವಿದೇಶಿ ಹಣ ಅಥವಾ ಸಹಯೋಗವಿರುವ ವೈದ್ಯಕೀಯ ಸಂಶೋಧನೆ ಇಲ್ಲಿಗೆ ಹೋಗಬೇಕು. ರಕ್ತ, ಅಂಗಾಂಶದ ಮಾದರಿ ಹೊರಗೆ ಹೋಗುವುದಾದರೆ ವರ್ಗಾವಣೆ ಒಪ್ಪಂದವನ್ನೂ ಲಗತ್ತಿಸಿ. ಸಮಿತಿಯ ಸಭೆಗಾಗಿ ಕಾಯಬೇಕಾಗುತ್ತದೆ. ವೇಳಾಪಟ್ಟಿಯಲ್ಲಿ ಮೊದಲ ಆರು ತಿಂಗಳನ್ನು ಅನುಮತಿ ಮತ್ತು ತರಬೇತಿಗೆಂದೇ ಬಿಡಿ. ನಂತರ ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಅಧ್ಯಯನಗಳ ದಾಖಲೆಯಲ್ಲಿ ನೋಂದಣಿ. ಮೊದಲ ವ್ಯಕ್ತಿಯನ್ನು ಸೇರಿಸುವ ಮುನ್ನವೇ ಅದು ಆಗಬೇಕು; 2018ರ ಏಪ್ರಿಲ್ ನಂತರ ತಡವಾದ ನೋಂದಣಿಯನ್ನು ಅವರು ಸ್ವೀಕರಿಸುತ್ತಿಲ್ಲ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದರೆ ಕೆಲಸ ಮುಗಿಯಲಿಲ್ಲ. ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರಿಗೆ ಆ ಮಾತಿನಲ್ಲೇ ವಿವರಿಸುವ ಧ್ವನಿಮುದ್ರಣ ಮಾಡಿಸಿ, ಅದನ್ನೂ ಕಮಿಟಿಯ ಮುಂದಿಡಿ. ಓದಲು ಬಾರದವರಿಗೆ ತಂಡಕ್ಕೆ ಸೇರದ ಸಾಕ್ಷಿ ಬೇಕು. "ಗಂಟು ಕಂಡರೆ ಕ್ಯಾನ್ಸರೇ ಎಂದಲ್ಲ" ಎಂಬ ವಾಕ್ಯ ಮೊದಲ ಪುಟದಲ್ಲಿರಲಿ.

ಹಂತ 8: ಅರ್ಜಿ ಬರೆದು ಕಳಿಸುವುದು

ಇಷ್ಟಾದ ಮೇಲೆ ಬರೆಯುವುದು ಸಲೀಸು. ಜನರನ್ನು ಹೇಗೆ ಸೇರಿಸುತ್ತೀರಿ ಎಂಬಲ್ಲಿ ಮಾತ್ರ ಸ್ಥಳದ ಅರಿವು ಕಾಣಬೇಕು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗ ಊರಿನ ಮೀನುಗಾರರು ದಡದಲ್ಲಿ ಸಿಗುತ್ತಾರೆ, ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗಿರುತ್ತಾರೆ; ಒಂದು ವರ್ಷದ ನಂತರ ಮರುಸ್ಕ್ಯಾನಿಗೆ ಯಾರು ಸಿಗುತ್ತಾರೆ ಎಂದು ಯೋಚಿಸಿ ನಿರ್ಧರಿಸಿ. ಬೀಡಿ ಕಟ್ಟುವ ಹೆಂಗಸರನ್ನು ಭೇಟಿಯಾಗಲು ಬೀಡಿ ಬ್ರಾಂಚ್ (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಸರಿಯಾದ ಸ್ಥಳ, ಆದರೆ ಒಪ್ಪಿಗೆ ಕೇಳಲು ಅಲ್ಲ. ಕೆಲಸ ಕೊಡುವವರ ಎದುರು ಕೇಳಿದ ಒಪ್ಪಿಗೆ ಸ್ವತಂತ್ರವಾಗಿರುವುದಿಲ್ಲ. ಅಲ್ಲಿ ಮಾಹಿತಿ ಕೊಟ್ಟು, ಆಶಾ ಕಾರ್ಯಕರ್ತೆಯ ಜೊತೆ ಮನೆಗೆ ಹೋಗಿ ಸಹಿ ಪಡೆಯಿರಿ.

ಕೊನೆಯ ದಿನಕ್ಕೆ ಐದು ದಿನ ಮೊದಲೇ ಕಳಿಸಿ. ಪೋರ್ಟಲ್ ದೋಷ ತೋರಿಸಿದರೆ ತಿದ್ದಲು ಸಮಯವಿರುತ್ತದೆ, ಮತ್ತು ಅಲ್ಲಿನ ಸಮಯ ಇಲ್ಲಿನ ಗಡಿಯಾರಕ್ಕೆ ಹೊಂದದಿರಬಹುದು.

ಹಂತ 9: ಹಣ ಬಂದ ಮೇಲೆ

ಈ ಯೋಜನೆಗೆ ಪ್ರತ್ಯೇಕ ಲೆಡ್ಜರ್ ಇಡಿ. ಸ್ಥಳೀಯ ದೇಣಿಗೆಯನ್ನು ಎಫ್‌ಸಿಆರ್‌ಎ ಖಾತೆಗೆ ಹಾಕಲೇಬೇಡಿ. ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ ಎಫ್‌ಸಿ-4 ವಾರ್ಷಿಕ ವರದಿ ಸಲ್ಲಬೇಕು. ಹಣ ಬಾರದ ವರ್ಷವೂ ಸೊನ್ನೆಯ ವರದಿ ಕೊಡಬೇಕು.

ತಿಂಗಳಿಗೊಮ್ಮೆ ನಾಲ್ಕು ಸಂಖ್ಯೆ ನೋಡಿ: ಸೇರಿದವರು, ಮರುಸ್ಕ್ಯಾನಿನ ದಿನ ದಾಟಿಯೂ ಬಾರದವರು, ಬಯಾಪ್ಸಿಗೆ ಕಾಯುತ್ತಿರುವವರು, ಅನುಮಾನದಿಂದ ಚಿಕಿತ್ಸೆಯವರೆಗೆ ಹಿಡಿದ ದಿನಗಳು. ಎರಡನೆಯ ಸಂಖ್ಯೆ ಏರತೊಡಗಿದರೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ, ಬಾಕಿ ಉಳಿದವರ ಮನೆಗೆ ಸಿಬ್ಬಂದಿಯನ್ನು ಕಳಿಸಿ.